ಫಿಟ್ಸ್ ಇರುವವರ ನಾಡಿಯನ್ನೂ ನೋಡಿ

ನನ್ನ ಸೋದರತ್ತೆಯ ಮಗಳಿಗೆ ಹನ್ನೊಂದನೇ ವಯಸ್ಸಿನಿಂದ ಫಿಟ್ಸ್. ಅವಳ ಪಕ್ಕದಲ್ಲೇ ಮಲಗುತ್ತಿದ್ದ ಅತ್ತೆ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು: "ಕೈಕಾಲು ಸೆಟೆಯೋಕೆ ಮುಂಚೇನೇ ಅವಳ ಎದೆ ಡಬಡಬ ಹೊಡ್ಕೊಳ್ಳುತ್ತೆ ಕಣೋ. ಕೈಯಿಟ್ಟರೆ ಗೊತ್ತಾಗುತ್ತೆ." ಹುಡುಗಿ ಕನಸು ಕಂಡು ಬೆಚ್ಚಿರಬೇಕು ಎಂದು ನಾವು ಸುಮ್ಮನಾದೆವು. ಆಗ ತೋರಿಸುತ್ತಿದ್ದ ಆಸ್ಪತ್ರೆಯಲ್ಲೂ ಆ ಮಾತು ಫೈಲಿಗೆ ಏರಲಿಲ್ಲ. ಫಿಟ್ಸ್ ತಲೆಯ ಕಾಯಿಲೆ, ಎದೆಯ ಸುದ್ದಿ ಅದಕ್ಕೇಕೆ ಎಂಬುದು ಎಲ್ಲರ ಲೆಕ್ಕವಾಗಿತ್ತು.

ವರ್ಷಗಳಾದ ಮೇಲೆ ಈ ವಿಷಯವನ್ನು ಕೂತು ಓದಿದಾಗ ಗೊತ್ತಾಯಿತು, ಅತ್ತೆಯ ಅಂಗೈ ಸುಳ್ಳು ಹೇಳಿರಲಿಲ್ಲ. ಫಿಟ್ಸ್ ಬಂದಾಗ ಹೆಚ್ಚಿನವರಲ್ಲಿ ಹೃದಯದ ಬಡಿತ ಏರುತ್ತದೆ. ಕೆಲವರಲ್ಲಿ, ಅದರಲ್ಲೂ ಕಿವಿಯ ಪಕ್ಕದ ಟೆಂಪೊರಲ್ ಭಾಗದಿಂದ ಫಿಟ್ಸ್ ಹೊರಡುವವರಲ್ಲಿ, ತಲೆಗೆ ಅಂಟಿಸಿದ ಇಇಜಿ ತಂತಿಗಳಿಗೆ ಸುಳಿವು ಸಿಗುವ ಕೆಲವು ಸೆಕೆಂಡು ಮೊದಲೇ ಏರುತ್ತದೆ. ಔಷಧಕ್ಕೆ ಬಗ್ಗದ ಫಿಟ್ಸ್ ಇರುವವರಿಗೆ ಎದೆಯ ಚರ್ಮದಡಿ ಒಂದು ಪುಟ್ಟ ಯಂತ್ರವಿಟ್ಟು, ಕುತ್ತಿಗೆಯ ವೇಗಸ್ ನರಕ್ಕೆ ಆಗಾಗ ವಿದ್ಯುತ್ ಮಿಡಿತ ಕೊಡುವ ಚಿಕಿತ್ಸೆಯಿದೆ. ಅಮೆರಿಕದಲ್ಲಿ ಅದಕ್ಕೆ 1997ರಲ್ಲಿ ಒಪ್ಪಿಗೆ ಸಿಕ್ಕಿತು. 2015ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಹೊಸ ಮಾದರಿ ಬಡಿತ ಏಕಾಏಕಿ ಏರಿದ್ದನ್ನು ಗುರುತಿಸಿ ತಾನೇ ಮಿಡಿತ ಕೊಡುತ್ತದೆ. ಅತ್ತೆ ಅಂಗೈಯಿಂದ ಹಿಡಿದ ಗುರುತನ್ನೇ ಆ ಯಂತ್ರವೂ ಹಿಡಿಯುತ್ತದೆ.

ಈ ಮಾತು ಯಾವುದೋ ಅಪರೂಪದ ಮನೆಗೆ ಸೇರಿದ್ದಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶದ 1,02,557 ಜನರ ನಡುವೆ ನಿಮ್ಹಾನ್ಸ್ ತಂಡ ಮಾಡಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ, ಇರುವವರು ಸಾವಿರಕ್ಕೆ 8.8. ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಸಾವಿರ ಜನರಿರುವ ಒಂದು ಊರಿನಲ್ಲಿ ಹೆಚ್ಚುಕಡಿಮೆ ಹನ್ನೆರಡು ಮಂದಿ.

ಮುಂದೆ ಓದುವ ಮೊದಲು ಒಂದು ಮಾತು. ಇಲ್ಲಿ ಕೆಲವು ಮಾತ್ರೆಗಳ ಹೆಸರು ಬರುತ್ತದೆ, ಹೃದಯದ ಮೇಲೆ ಅವುಗಳ ಪರಿಣಾಮವೂ ಬರುತ್ತದೆ. ಅದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು, ಅರ್ಧ ಮಾಡಬಾರದು. ಮಾತ್ರೆ ಥಟ್ಟನೆ ನಿಂತಾಗ ಬರುವ ಫಿಟ್ಸ್, ಆ ಮಾತ್ರೆಯಿಂದ ಹೃದಯಕ್ಕೆ ಆಗಬಹುದಾದ ತೊಂದರೆಗಿಂತ ಎಷ್ಟೋ ಪಾಲು ಅಪಾಯಕಾರಿ.

ಮಿದುಳಿಗೂ ಎದೆಗೂ ಏನು ನಂಟು

ಹೃದಯಕ್ಕೆ ತನ್ನದೇ ತಾಳವಿದೆ. ಆ ತಾಳವನ್ನು ಏರಿಸುವ, ಇಳಿಸುವ ಹಗ್ಗ ಮಾತ್ರ ಮಿದುಳಿನ ಕೈಯಲ್ಲಿದೆ. ನಾವು ಯೋಚಿಸದೆಯೇ ಬಡಿತ, ರಕ್ತದೊತ್ತಡ, ಬೆವರು, ಕರುಳಿನ ಚಲನೆ, ಕಣ್ಣಿನ ಪಾಪೆಯ ಹಿಗ್ಗುಕುಗ್ಗು ಎಲ್ಲವನ್ನೂ ನೋಡಿಕೊಳ್ಳುವ ನರಗಳ ಜಾಲಕ್ಕೆ ಸ್ವಾಯತ್ತ ನರವ್ಯೂಹ ಎಂದು ಹೆಸರು. ಅದರಲ್ಲಿ ಸಿಂಪಥೆಟಿಕ್ ಎಂಬ ಭಾಗ ಬಡಿತವನ್ನು ಏರಿಸಿದರೆ, ಪ್ಯಾರಾಸಿಂಪಥೆಟಿಕ್ ಭಾಗ ಮುಖ್ಯವಾಗಿ ವೇಗಸ್ ನರದ ಮೂಲಕ ಇಳಿಸುತ್ತದೆ. ಎರಡೂ ಸದಾ ಕೆಲಸ ಮಾಡುತ್ತಿರುತ್ತವೆ. ಬೆರಳನ್ನು ನಾಡಿಯ ಮೇಲಿಟ್ಟು ನಿಧಾನವಾಗಿ ದೀರ್ಘ ಉಸಿರು ತೆಗೆದುಕೊಳ್ಳಿ. ಉಸಿರು ಒಳಗೆ ಹೋಗುವಾಗ ನಾಡಿ ಕೊಂಚ ಬಿರುಸಾಗುತ್ತದೆ, ಹೊರಗೆ ಬರುವಾಗ ತಗ್ಗುತ್ತದೆ. ಈ ಏರಿಳಿತ ಆರೋಗ್ಯದ ಲಕ್ಷಣ.

ಈ ನರಗಳಿಗೆ ಅಪ್ಪಣೆ ಕೊಡುವ ಜಾಗಗಳು ಮಿದುಳಿನ ಒಳಗೆ ಹೈಪೊಥಲಾಮಸ್, ಅಮಿಗ್ಡಲಾ, ಇನ್ಸುಲಾ ಎಂಬ ಭಾಗಗಳಲ್ಲಿವೆ. 1992ರಲ್ಲಿ ಸ್ಟೀಫನ್ ಒಪೆನ್‌ಹೈಮರ್ ಮತ್ತು ಸಂಗಡಿಗರು ಅಪಸ್ಮಾರದ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದ ರೋಗಿಗಳಲ್ಲಿ ಇನ್ಸುಲಾವನ್ನು ಸಣ್ಣ ವಿದ್ಯುತ್ತಿನಿಂದ ಪ್ರಚೋದಿಸಿ ನೋಡಿದರು. ಎಡಭಾಗವನ್ನು ಮುಟ್ಟಿದಾಗ ಬಡಿತ ಇಳಿಯುವುದೇ ಹೆಚ್ಚಾಗಿತ್ತು, ಬಲಭಾಗವನ್ನು ಮುಟ್ಟಿದಾಗ ಏರುವುದು. ಟೆಂಪೊರಲ್ ಭಾಗದಲ್ಲಿ ಹೊತ್ತಿಕೊಂಡ ಫಿಟ್ಸ್‌ಗೆ ಈ ಜಾಗಗಳು ಪಕ್ಕದ ಮನೆಯಿದ್ದಂತೆ. ಅದಕ್ಕೇ ಅಂಥವರು ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬಂದಂತಾಯಿತು, ಮೈ ಜುಮ್ಮೆಂದಿತು, ಮುಖ ಬಿಸಿಯಾಯಿತು, ಕಾರಣವಿಲ್ಲದೆ ಪ್ರಾಣಭಯವಾಯಿತು ಎನ್ನುತ್ತಾರೆ. ಎಷ್ಟೋ ಜನಕ್ಕೆ ಇದು ಗ್ಯಾಸ್ಟ್ರಿಕ್ ಎಂದೋ ಮನಸ್ಸಿನ ಗಾಬರಿ ಎಂದೋ ವರ್ಷಗಟ್ಟಲೆ ಮದ್ದು ನಡೆಯುತ್ತದೆ. ಪ್ರತಿ ಸಲವೂ ಒಂದೇ ಅಚ್ಚಿನಲ್ಲಿ ಬಂದು, ಒಂದೆರಡು ನಿಮಿಷದಲ್ಲಿ ಮುಗಿದು, ಆ ಹೊತ್ತಿನ ನೆನಪು ಮಸುಕಾಗುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ.

ಬಡಿತ ಏರುವುದು ಮಾಮೂಲಿ. ಅಪರೂಪಕ್ಕೆ ತಿರುವುಮುರುವಾಗಿ, ಫಿಟ್ಸ್ ನಡುವೆಯೇ ಹೃದಯ ಕೆಲವು ಸೆಕೆಂಡು ಸ್ತಬ್ಧವಾಗುತ್ತದೆ. ವಿಡಿಯೊ-ಇಇಜಿಗೆ ದಾಖಲಾದವರಲ್ಲಿ ಸಾವಿರಕ್ಕೆ ಮೂರು ನಾಲ್ಕು ಜನರಲ್ಲಿ ಇದು ಕಂಡಿದೆ, ಹೆಚ್ಚಿನವರದು ಟೆಂಪೊರಲ್ ಅಪಸ್ಮಾರ. ಸಾಮಾನ್ಯವಾಗಿ ಹೃದಯ ತಾನಾಗಿಯೇ ಮರಳಿ ಬಡಿಯತೊಡಗುತ್ತದೆ. ಆದರೆ ಆ ನಡುವೆ ಅವರು ದೊಪ್ಪನೆ ಬೀಳುತ್ತಾರೆ. ಹಾಗಾಗಿ ಮನೆಯವರು ಗಮನಿಸಬೇಕಾದ ಗುರುತು ಇದು: ಮೊದಲೆಲ್ಲ ಕೂತಲ್ಲೇ ದಿಟ್ಟಿಸಿ ನೋಡುತ್ತ, ಬಾಯಿ ಚಪ್ಪರಿಸುತ್ತ ಮುಗಿಯುತ್ತಿದ್ದ ಫಿಟ್ಸ್‌ನಲ್ಲಿ ಈಗ ಅರ್ಧದಲ್ಲಿ ಮುಖ ಬಿಳಿಚಿಕೊಂಡು ಮೈ ಸಡಿಲಾಗಿ ಬೀಳುತ್ತಿದ್ದಾರೆಯೇ? ಹೌದಾದರೆ ಇಇಜಿ, ಇಸಿಜಿ ಎರಡನ್ನೂ ಒಟ್ಟಿಗೆ ದಾಖಲಿಸುವ ಪರೀಕ್ಷೆ ಬೇಕು. ಫಿಟ್ಸ್ ಹಿಡಿತಕ್ಕೆ ಬಂದರೆ ಸಾಮಾನ್ಯವಾಗಿ ಇದೂ ನಿಲ್ಲುತ್ತದೆ, ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ.

ಅದು ಫಿಟ್ಸೇ ಹೌದೇ?

ಈ ಲೇಖನದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಹೃದಯದಿಂದ ಮಿದುಳಿಗೆ ರಕ್ತ ಕೆಲವು ಸೆಕೆಂಡು ಕಡಿಮೆಯಾದರೆ ಮನುಷ್ಯ ತಲೆಸುತ್ತಿ ಬೀಳುತ್ತಾನೆ. ಬಿದ್ದವನ ಕೈಕಾಲು ಅದುರಬಹುದು, ಕಣ್ಣು ಮೇಲಕ್ಕೆ ಹೊರಳಬಹುದು, ಬಟ್ಟೆಯಲ್ಲೇ ಮೂತ್ರವೂ ಆಗಬಹುದು. ನೋಡಿದವರು ಫಿಟ್ಸ್ ಎನ್ನುತ್ತಾರೆ. ಜರ್ಮನಿಯ ಲೆಂಪರ್ಟ್ ಮತ್ತು ಸಂಗಡಿಗರು 1994ರಲ್ಲಿ ಆರೋಗ್ಯವಂತ ಯುವಜನರಿಗೆ ಬೇಕೆಂದೇ ತಲೆಸುತ್ತು ಬರಿಸಿ ವಿಡಿಯೊ ಮಾಡಿದರು. ಪೂರ್ತಿ ಪ್ರಜ್ಞೆ ತಪ್ಪಿದ 42 ಜನರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ಕೈಕಾಲು ಅದುರಿದವು. ಅವರಲ್ಲಿ ಯಾರಿಗೂ ಅಪಸ್ಮಾರ ಇರಲಿಲ್ಲ. 2000ದಲ್ಲಿ ಇಂಗ್ಲೆಂಡಿನ ವೈದ್ಯರು, ಮಾತ್ರೆಗೆ ಬಗ್ಗದ ಅಥವಾ ರೋಗನಿರ್ಣಯದ ಬಗ್ಗೆ ಅನುಮಾನವಿದ್ದ 74 "ಅಪಸ್ಮಾರ" ರೋಗಿಗಳ ಹೃದಯ ಪರೀಕ್ಷೆ ನಡೆಸಿದಾಗ 31 ಜನರ ಬೀಳುವಿಕೆಗೆ ಹೃದಯ, ರಕ್ತದೊತ್ತಡದ ಕಾರಣಗಳು ಸಿಕ್ಕವು.

ವ್ಯತ್ಯಾಸ ಹುಡುಕಲು ನೋಡಿದವರ ಮಾತೇ ಬಂಡವಾಳ. ಎದ್ದು ನಿಂತಾಗ, ರಕ್ತ ಕಂಡಾಗ, ಜಾತ್ರೆಯ ನೂಕುನುಗ್ಗಲಿನಲ್ಲಿ, ಉಪವಾಸದ ದಿನ ಪೂಜೆಗೆ ನಿಂತಾಗ ಕಣ್ಣು ಕತ್ತಲೆ ಬಂದು, ಬೆವೆತು, ಮುಖ ಬಿಳಿಚಿ ಬಿದ್ದರೆ, ಅದುರಾಟ ಹದಿನೈದು ಸೆಕೆಂಡಿನೊಳಗೆ ಮುಗಿದು, ಎದ್ದ ಕೂಡಲೇ "ನಾನೆಲ್ಲಿದ್ದೇನೆ" ಎಂಬುದು ಗೊತ್ತಿದ್ದರೆ, ಅದು ಹೆಚ್ಚಾಗಿ ತಲೆಸುತ್ತು. ನಾಲಿಗೆಯ ಅಂಚು ಕಚ್ಚಿಕೊಂಡಿದ್ದರೆ, ಅದುರಾಟ ಒಂದು ನಿಮಿಷ ದಾಟಿದ್ದರೆ, ಮುಖ ನೀಲಿಗಟ್ಟಿದ್ದರೆ, ಆಮೇಲೆ ಹತ್ತಿಪ್ಪತ್ತು ನಿಮಿಷ ಗೊಂದಲದಲ್ಲಿದ್ದರೆ, ಅದು ಹೆಚ್ಚಾಗಿ ಫಿಟ್ಸ್. ಮೂತ್ರ ಹೋದದ್ದು ಯಾವ ಕಡೆಗೂ ಗಟ್ಟಿ ಸಾಕ್ಷಿಯಲ್ಲ.

ಇವೆರಡರ ಮಧ್ಯೆ ಕೂತು ಮೋಸ ಮಾಡುವ ಇನ್ನೊಂದು ಕಾಯಿಲೆ ಇದೆ, ಲಾಂಗ್ ಕ್ಯೂಟಿ. ಪ್ರತಿ ಬಡಿತದ ನಂತರ ಹೃದಯದ ಸ್ನಾಯು ವಿದ್ಯುತ್ತಿನ ಲೆಕ್ಕದಲ್ಲಿ ಮತ್ತೆ ಅಣಿಯಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುವ, ವಂಶವಾಹಿಯಲ್ಲಿ ಬರುವ ತೊಂದರೆ ಇದು. ಸುಮಾರು 2000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಓಡುವಾಗ, ಈಜುವಾಗ, ಅಲಾರಂ ಅಥವಾ ಫೋನ್ ಗಂಟೆಗೆ ಬೆಚ್ಚಿದಾಗ, ಕೆಲವರಿಗೆ ನಿದ್ದೆಯಲ್ಲಿ, ತಾಳ ಕೆಟ್ಟು ಪ್ರಜ್ಞೆ ತಪ್ಪುತ್ತದೆ, ಮೈ ಅದುರುತ್ತದೆ. ಫಿಟ್ಸ್ ಮಾತ್ರೆ ನುಂಗುತ್ತ ಕಾಲ ಕಳೆದರೆ ಒಂದು ದಿನ ಪ್ರಾಣವೇ ಹೋಗಬಹುದು. ಗುರುತಿಸಿದರೆ ಬೀಟಾ ಬ್ಲಾಕರ್ ಮಾತ್ರೆಯಂಥ ಸರಳ ಚಿಕಿತ್ಸೆ ಇದೆ. ಮನೆತನದಲ್ಲಿ ಚಿಕ್ಕ ವಯಸ್ಸಿನ ಯಾರಾದರೂ ಇದ್ದಕ್ಕಿದ್ದಂತೆ ಸತ್ತಿದ್ದರೆ, ಈಜು ಬಲ್ಲವರು ಕೆರೆಯಲ್ಲಿ ಮುಳುಗಿ ಹೋಗಿದ್ದರೆ ವೈದ್ಯರು ಕೇಳದಿದ್ದರೂ ಹೇಳಿ. ಅಶುಭದ ಮಾತು ಎಂದು ಮುಚ್ಚಿಡಬೇಡಿ.

ಇದನ್ನು ಹಿಡಿಯಲು ಬೇಕಾದ ಮೊದಲ ಪರೀಕ್ಷೆ ಸಾದಾ ಹನ್ನೆರಡು ಲೀಡ್‌ಗಳ ಇಸಿಜಿ. ಐದು ನಿಮಿಷದ ಕೆಲಸ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಮೊದಲ ಫಿಟ್ಸ್ ಬಂದ ಪ್ರತಿಯೊಬ್ಬರಿಗೂ ಇದನ್ನು ಮಾಡಬೇಕೆಂದು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಎಂಆರ್‌ಐಗೆ ಸಾಲ ಮಾಡಿ ಹೋದವರ ಫೈಲಿನಲ್ಲೂ ಒಂದು ಇಸಿಜಿ ಇಲ್ಲದಿರುವುದನ್ನು ನೋಡಿ ನನಗೆ ಸಂಕಟವಾಗಿದೆ.

ಹಂಡೆ ನೀರು, ಚೊಂಬು, ಬೀಳುವಿಕೆ

ಕರ್ನಾಟಕದ ಮಟ್ಟಿಗೆ ಹೇಳಲೇಬೇಕಾದ ಒಂದು ಬಗೆ ಬಿಸಿನೀರಿನ ಫಿಟ್ಸ್. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಬಡಬಡನೆ ನೆತ್ತಿಗೆ ಸುರಿದುಕೊಳ್ಳುವಾಗ ಬರುವ ಈ ಫಿಟ್ಸ್ ಕುರಿತು ದಕ್ಷಿಣ ಭಾರತದಿಂದ, ವಿಶೇಷವಾಗಿ ಕರ್ನಾಟಕದಿಂದ, ಅತಿ ಹೆಚ್ಚು ವರದಿಗಳಿವೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ದಶಕಗಟ್ಟಲೆ ಅಧ್ಯಯನ ಮಾಡಿದ್ದಾರೆ.

ಬಚ್ಚಲುಮನೆಯಲ್ಲಿ ಬೀಳುವುದೆಲ್ಲ ಫಿಟ್ಸ್ ಅಲ್ಲ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುವವರೂ ಇದ್ದಾರೆ, ಮುಖ್ಯವಾಗಿ ಸ್ನಾನ ಮುಗಿಸಿ ಥಟ್ಟನೆ ಎದ್ದು ನಿಂತಾಗ. ತಲೆಗೆ ನೀರು ಬೀಳುತ್ತಿರುವಾಗಲೇ ಮಂಕಾಗಿ ದಿಟ್ಟಿಸುವುದು, ಅಸಂಬದ್ಧ ಮಾತು, ಬೇಡವೆಂದರೂ ನೀರು ಸುರಿದುಕೊಳ್ಳುತ್ತಲೇ ಇರುವುದು ಫಿಟ್ಸ್ ಕಡೆಗೆ ಬೆರಳು ತೋರಿಸುತ್ತವೆ. ಮೈಗೆ ಮಾತ್ರ ನೀರು ಹಾಕಿಕೊಂಡಾಗಲೂ ಬೀಳುತ್ತಿದ್ದರೆ ರಕ್ತದೊತ್ತಡ ನೋಡಿಸಿ. ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆದಾಗ ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಅದೇ ಕಾರಣವಿರಬಹುದು. ಎರಡಕ್ಕೂ ಹೊಂದುವ ಜಾಗ್ರತೆ ಒಂದೇ: ನೀರು ಉಗುರುಬೆಚ್ಚಗಿರಲಿ, ಕೂತು ಸ್ನಾನ ಮಾಡಲಿ, ತಲೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಲಿ, ಒಳಗಿನ ಚಿಲಕ ಹಾಕದಿರಲಿ. ಬಿಸಿನೀರಿನ ಫಿಟ್ಸ್ ಖಚಿತವಾದ ಕೆಲವರಿಗೆ ವೈದ್ಯರು ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಬರೆದುಕೊಡುತ್ತಾರೆ.

ನಿದ್ದೆಯಿಂದೆದ್ದು ವಾಂತಿ ಮಾಡುವ ಮಗು

ಸ್ವಾಯತ್ತ ನರವ್ಯೂಹದಲ್ಲೇ ಇಡೀ ಫಿಟ್ಸ್ ನಡೆದುಹೋಗುವ ಒಂದು ಬಗೆ ಮಕ್ಕಳಲ್ಲಿದೆ. ಮೊದಲು ವಿವರಿಸಿದ ಗ್ರೀಕ್ ಮೂಲದ ವೈದ್ಯನ ಹೆಸರಿನಿಂದ ಪನಯೋಟೊಪೊಲಸ್ ಸಿಂಡ್ರೋಮ್ ಎನ್ನುತ್ತಿದ್ದರು. ಹೆಚ್ಚಾಗಿ ಮೂರರಿಂದ ಆರು ವರ್ಷದ ಮಗು, ರಾತ್ರಿ ಎದ್ದು ಹೊಟ್ಟೆ ತೊಳಸುತ್ತದೆ ಎನ್ನುತ್ತದೆ, ಬಿಳಿಚುತ್ತದೆ, ವಾಂತಿ ಮಾಡುತ್ತದೆ, ಕಣ್ಣು ಒಂದು ಕಡೆ ಹೊರಳುತ್ತದೆ, ಕರೆದರೆ ಓಗೊಡುವುದಿಲ್ಲ. ಕೈಕಾಲು ಅದುರದೆಯೂ ಇರಬಹುದು. ಅರ್ಧ ಗಂಟೆ ದಾಟುವುದೂ ಉಂಟು. ಅಜೀರ್ಣ, ದೃಷ್ಟಿ ತಾಕಿದೆ ಎಂದು ಮಲಗಿಸಬೇಡಿ, ಆಸ್ಪತ್ರೆಗೆ ಹೊರಡಿ. ಸಮಾಧಾನದ ಸಂಗತಿಯೆಂದರೆ, ಬಹುಪಾಲು ಮಕ್ಕಳಲ್ಲಿ ಇದು ಕೆಲವೇ ವರ್ಷಗಳಲ್ಲಿ ತಾನಾಗಿ ನಿಂತುಹೋಗುತ್ತದೆ.

ಔಷಧ ಚೀಟಿಯ ಮೇಲೆ ಒಂದು ಕಣ್ಣು

ಫಿಟ್ಸ್ ಮಾತ್ರೆಗಳಲ್ಲಿ ಕೆಲವು ಕೆಲಸ ಮಾಡುವುದೇ ಜೀವಕೋಶದ ಸೋಡಿಯಂ ದಾರಿಯನ್ನು ಬಿಗಿ ಮಾಡಿ. ಅದೇ ದಾರಿ ಹೃದಯದಲ್ಲೂ ಇದೆ. ಕಾರ್ಬಮಾಜೆಪಿನ್, ಫೆನಿಟಾಯಿನ್, ಲ್ಯಾಕೊಸಮೈಡ್, ಲ್ಯಾಮೊಟ್ರಿಜಿನ್ ಈ ಗುಂಪಿನವು. ಹೃದಯ ಚೆನ್ನಾಗಿರುವವರಿಗೆ ಸಾಮಾನ್ಯವಾಗಿ ಇವುಗಳಿಂದ ತೊಂದರೆಯಿಲ್ಲ. ಆದರೆ ಹಾರ್ಟ್ ಬ್ಲಾಕ್, ಹಿಂದೆ ಆದ ಹೃದಯಾಘಾತ, ಹುಟ್ಟಿನಿಂದ ಬಂದ ಹೃದಯದ ದೋಷ ಇದ್ದರೆ ವೈದ್ಯರಿಗೆ ಮೊದಲೇ ಗೊತ್ತಿರಬೇಕು. ಲ್ಯಾಮೊಟ್ರಿಜಿನ್ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಇಂಥವರನ್ನೇ ಉದ್ದೇಶಿಸಿ ಎಚ್ಚರಿಕೆ ಕೊಟ್ಟಿತು. ಕಾರ್ಬಮಾಜೆಪಿನ್, ಫೆನಿಟಾಯಿನ್ ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಯಕೃತ್ತನ್ನು ಚುರುಕುಗೊಳಿಸಿ, ರಕ್ತ ತೆಳುವಾಗಿಸುವ ಮತ್ತು ಕೊಲೆಸ್ಟರಾಲ್ ಇಳಿಸುವ ಕೆಲವು ಮಾತ್ರೆಗಳ ಬಲವನ್ನು ತಗ್ಗಿಸುತ್ತವೆ. ಹೃದಯದ ವೈದ್ಯರೊಬ್ಬರು, ನರದ ವೈದ್ಯರೊಬ್ಬರು ಬೇರೆ ಬೇರೆ ಚೀಟಿ ಬರೆಯುವ ಮನೆಗಳಲ್ಲಿ ಇಬ್ಬರಿಗೂ ಎರಡೂ ಚೀಟಿ ತೋರಿಸುವುದು ಮನೆಯವರ ಕೆಲಸವೇ ಆಗಿಬಿಡುತ್ತದೆ.

ಜ್ವರ, ನೆಗಡಿ, ವಾಂತಿಗೆ ಅಂಗಡಿಯಿಂದ ತರುವ ಮಾತ್ರೆಗಳ ಬಗ್ಗೆ ಇನ್ನೂ ಹೆಚ್ಚು ಹುಷಾರು ಬೇಕು. ಅಜಿತ್ರೊಮೈಸಿನ್, ಒಂಡನ್ಸೆಟ್ರಾನ್, ಫ್ಲುಕೊನಜೋಲ್ ಮುಂತಾದವು ಕ್ಯೂಟಿ ಅಂತರವನ್ನು, ಅಂದರೆ ಹೃದಯ ಮತ್ತೆ ಅಣಿಯಾಗುವ ಆ ಹೊತ್ತನ್ನು, ಹಿಗ್ಗಿಸಬಲ್ಲವು. ನೋವಿನ ಟ್ರಾಮಡಾಲ್, ಸೋಂಕಿನ ಸಿಪ್ರೊಫ್ಲಾಕ್ಸಾಸಿನ್ ಫಿಟ್ಸ್ ಬರುವ ಸಾಧ್ಯತೆಯನ್ನೇ ಹೆಚ್ಚಿಸಬಲ್ಲವು. "ಇವರಿಗೆ ಫಿಟ್ಸ್ ಇದೆ" ಎಂಬ ಮೂರು ಪದ ಹೇಳದೆ ಯಾವ ಔಷಧಿಯನ್ನೂ ಕೊಳ್ಳಬೇಡಿ.

ರಾತ್ರಿಯ ಮಾತು

ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ಗೊತ್ತಿದ್ದರೆ ತಡೆಯಲು ದಾರಿಯಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಪಸ್ಮಾರ ಇರುವವರು, ಬೇರೆ ಯಾವ ಕಾರಣವೂ ಕಾಣದೆ, ಹೆಚ್ಚಾಗಿ ನಿದ್ದೆಯಲ್ಲಿ, ಹಠಾತ್ತನೆ ಸಾಯುವುದುಂಟು. ವೈದ್ಯರು ಇದನ್ನು ಸುಡೆಪ್ ಎನ್ನುತ್ತಾರೆ. ಅಮೆರಿಕದ ನರರೋಗ ತಜ್ಞರ ಸಂಘಟನೆಗಳು 2017ರಲ್ಲಿ ಕೊಟ್ಟ ಲೆಕ್ಕದಂತೆ ವರ್ಷಕ್ಕೆ ಅಪಸ್ಮಾರವಿರುವ 1000 ದೊಡ್ಡವರಲ್ಲಿ ಒಬ್ಬರು, 4500 ಮಕ್ಕಳಲ್ಲಿ ಒಬ್ಬರು. ಅಂದರೆ ಬಹುಪಾಲು ಜನರಿಗೆ ಇದು ಬರುವುದೇ ಇಲ್ಲ. ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್ ವರ್ಷಕ್ಕೆ ಮೂರೋ ಹೆಚ್ಚೋ ಸಲ ಬರುತ್ತಿರುವವರಲ್ಲಿ ಮಾತ್ರ ಅಪಾಯ ಸುಮಾರು ಹದಿನೈದು ಪಟ್ಟು.

ಆಗ ದೇಹದಲ್ಲಿ ಏನಾಗುತ್ತದೆ? ಫ್ರಾನ್ಸಿನ ಫಿಲಿಪ್ ರಿವ್ಲಿನ್ ನೇತೃತ್ವದ ತಂಡ, ವಿಡಿಯೊ-ಇಇಜಿ ಘಟಕಗಳಲ್ಲಿ ಸಂಭವಿಸಿದ ಇಂಥ 16 ಸಾವುಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿತು. ಹೆಚ್ಚಿನವು ರಾತ್ರಿ ಆದವು. ದಾಖಲೆ ಪೂರ್ತಿ ಸಿಕ್ಕವುಗಳಲ್ಲಿ ಕ್ರಮ ಒಂದೇ: ದೊಡ್ಡ ಫಿಟ್ಸ್, ಅದರ ಬೆನ್ನಿಗೆ ಮಿದುಳಿನ ಅಲೆಗಳು ಮಂಕಾಗುವುದು, ಉಸಿರು ಕುಂದುವುದು, ಬಡಿತ ಇಳಿಯುವುದು. ಕೊನೆಗೆ ಉಸಿರು ಮೊದಲು ನಿಂತಿತು, ಹೃದಯ ಆಮೇಲೆ. ಬೋರಲಾಗಿ ಮಲಗಿದ್ದವರೇ ಹೆಚ್ಚು.

ಉಸಿರು ಮೊದಲು ನಿಲ್ಲುತ್ತದೆ ಎಂಬುದರಲ್ಲೇ ಮನೆಯವರಿಗೆ ಅವಕಾಶವಿದೆ. ಫಿಟ್ಸ್ ನಿಂತ ಕೂಡಲೇ ಒಂದು ಮಗ್ಗುಲಿಗೆ ತಿರುಗಿಸಿ, ಮುಖವನ್ನು ದಿಂಬಿನಿಂದ ಬಿಡಿಸಿ, ಹೆಸರು ಹಿಡಿದು ಕರೆಯಿರಿ, ಭುಜ ತಟ್ಟಿ. ಪೂರ್ತಿ ಪ್ರಜ್ಞೆ ಮರಳುವವರೆಗೆ ಪಕ್ಕದಿಂದ ಏಳಬೇಡಿ. ಬಾಯಿಗೆ ಚಮಚ, ನೀರು, ಬಟ್ಟೆ ತುರುಕಬೇಡಿ. ಕಬ್ಬಿಣ ಹುಡುಕಿ, ಬೀಗದ ಕೈ ಕೊಟ್ಟು, ಚಪ್ಪಲಿ ಮೂಸಿಸಿ ಕಳೆಯುವ ಹೊತ್ತು ಉಸಿರಿಗೆ ಸೇರಿದ ಹೊತ್ತು. ಫಿಟ್ಸ್ ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ 108ಕ್ಕೆ ಕರೆ ಮಾಡಿ. ವೈದ್ಯರು ಮಿಡಜೋಲಾಮ್ ಮೂಗಿನ ಸ್ಪ್ರೇ ಕೊಟ್ಟಿದ್ದರೆ ಅವರು ಹೇಳಿದಂತೆ ಬಳಸಿ. ಅದುರಾಟ ನಿಂತ ಮೇಲೆ ಎದೆ ಏರಿಳಿಯದಿದ್ದರೆ, ಕರೆದರೂ ಅಲುಗದಿದ್ದರೆ, 108ಕ್ಕೆ ಹೇಳಿ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಲು ಶುರುಮಾಡಿ.

ದೊಡ್ಡ ಫಿಟ್ಸ್ ಇನ್ನೂ ಬರುತ್ತಿರುವವರು ರಾತ್ರಿ ಒಂಟಿಯಾಗಿ ಮಲಗದಿರುವುದು ಒಳ್ಳೆಯದು. ಮಾತ್ರೆ ತಪ್ಪದಿರುವುದು, ನಿದ್ದೆಗೆಡದಿರುವುದು, ಕುಡಿತದಿಂದ ದೂರವಿರುವುದು ಇವು ಅದಕ್ಕಿಂತ ದೊಡ್ಡ ರಕ್ಷಣೆ. ಎರಡು ಬಗೆಯ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ, ಶಸ್ತ್ರಚಿಕಿತ್ಸೆಯ ಸಾಧ್ಯತೆ ನೋಡಲು ನಿಮ್ಹಾನ್ಸ್‌ನಂಥ ದೊಡ್ಡ ಕೇಂದ್ರಕ್ಕೆ ಹೋಗಿ. ಹತ್ತು ವರ್ಷ ಕಾಯಬೇಡಿ.

ಫಿಟ್ಸ್ ಇಲ್ಲದ ದಿನಗಳಲ್ಲೂ, ಬಹುಕಾಲದಿಂದ ಹಿಡಿತಕ್ಕೆ ಸಿಗದ ಅಪಸ್ಮಾರ ಇರುವವರಲ್ಲಿ, ಉಸಿರಿನೊಂದಿಗೆ ನಾಡಿ ಏರಿಳಿಯುವ ಆ ಸಹಜ ಗುಣ ಕುಗ್ಗಿರುವುದನ್ನು ನಿಮ್ಹಾನ್ಸ್‌ನ ಸಂಶೋಧಕರೂ ಕಂಡಿದ್ದಾರೆ. ಡಾ. ಸತ್ಯಪ್ರಭಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಮಾತ್ರೆಯ ಜೊತೆಗೆ ಯೋಗ ಮಾಡಿದವರಲ್ಲಿ ಅದು ಸುಧಾರಿಸಿತು. ಮಾತ್ರೆಯ ಜೊತೆಗೆ ಎಂಬುದನ್ನು ಮರೆಯಬೇಡಿ. ವೇಗವಾಗಿ, ರಭಸದಿಂದ ಉಸಿರಾಡುವುದು ಕೆಲವರಲ್ಲಿ ಫಿಟ್ಸ್ ಎಬ್ಬಿಸುತ್ತದೆ, ಹಾಗಾಗಿ ಭಸ್ತ್ರಿಕಾ, ಕಪಾಲಭಾತಿಯನ್ನು ವೈದ್ಯರನ್ನು ಕೇಳದೆ ಮಾಡಬೇಡಿ.

ಒಂದು ನೋಟ್‌ಬುಕ್ ಇಡಿ

ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ, ಮುಖ ಬಿಳಿಚಿತೋ ನೀಲಿಯಾಯಿತೋ, ಮೈ ಸೆಟೆಯಿತೋ ಸಡಿಲಾಯಿತೋ, ಮಾತ್ರೆ ತಪ್ಪಿತ್ತೋ ಬರೆಯಿರಿ. ಅದುರಾಟ ನಿಂತ ಮೇಲೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೂವತ್ತು ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ. ದೊಡ್ಡವರಲ್ಲಿ ಆಗ ನೂರು ದಾಟಿರುವುದು ಸಹಜ, ನಿಧಾನಕ್ಕೆ ಇಳಿಯುತ್ತದೆ. ನಲವತ್ತರ ಸುತ್ತ ಸಿಕ್ಕರೆ, ತಾಳ ತಪ್ಪಿ ತಪ್ಪಿ ಬಂದರೆ, ಅರ್ಧ ಗಂಟೆಯಾದರೂ ಇಳಿಯದಿದ್ದರೆ ವೈದ್ಯರಿಗೆ ತಿಳಿಸಿ. ಸ್ಮಾರ್ಟ್‌ವಾಚ್ ಅಂಕಿ ಮೈ ಅದುರುವಾಗ ತಪ್ಪು ತೋರಿಸುತ್ತದೆ, ಅದೊಂದನ್ನೇ ನಂಬಬೇಡಿ. ಇನ್ನೊಬ್ಬರು ಹತ್ತಿರವಿದ್ದರೆ ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಎಷ್ಟೋ ಸಲ ಆ ಅರ್ಧ ನಿಮಿಷದ ವಿಡಿಯೊ ದುಬಾರಿ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ನಮ್ಮ ಹುಡುಗಿಗೆ ಈಗ ಮೂವತ್ತು ದಾಟಿದೆ, ಶಾಲೆಯಲ್ಲಿ ಪಾಠ ಮಾಡುತ್ತಾಳೆ. ನಾಲ್ಕು ವರ್ಷದಿಂದ ಫಿಟ್ಸ್ ಬಂದಿಲ್ಲ. ಅವಳ ಹೊಸ ಫೈಲಿನ ಮೊದಲ ಹಾಳೆ ಒಂದು ಇಸಿಜಿ, ಎರಡನೆಯದು ಅತ್ತೆ ಹೇಳಿದ್ದನ್ನು ಡಾಕ್ಟರು ಕೇಳಿ ಬರೆದುಕೊಂಡ ಪುಟ. ನಿಮ್ಮ ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ ಇವತ್ತೇ ಅವರ ಫೈಲ್ ತೆಗೆದು ನೋಡಿ, ಅದರಲ್ಲಿ ಇಸಿಜಿ ಇದೆಯೇ ಎಂದು. ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಸಂಕೋಚಪಡದೆ ಕೇಳಿ ಮಾಡಿಸಿಕೊಳ್ಳಿ.